ಕಡಲಮೀನಿನ ತೊಟ್ಟಿಗೆ ಮರಳಿನ ಹಾಸು: ಆಯ್ಕೆ ಮತ್ತು ಪಾಲನೆ

ಮುಂಬಯಿಯ ಮರೀನ್ ಡ್ರೈವ್ ಬಳಿ 1951ರಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾಯಿತು. ಅಂತಹ ಮತ್ಸ್ಯಾಲಯಗಳಿಗೆ ಹೋದವರ ಕಣ್ಣು ಗಾಜಿನ ಹಿಂದೆ ತೇಲುವ ಬಣ್ಣದ ಮೀನುಗಳ ಮೇಲೆ ನೆಡುತ್ತದೆ. ಅವುಗಳ ಅಡಿಯಲ್ಲಿರುವ ಮರಳನ್ನು ಗಮನಿಸುವವರು ವಿರಳ. ಈಚಿನ ವರ್ಷಗಳಲ್ಲಿ ನಗರಗಳ ಮನೆಗಳಲ್ಲಿಯೂ ಉಪ್ಪುನೀರಿನ ಅಕ್ವೇರಿಯಂ ಇಡುವ ಹವ್ಯಾಸ ಬೆಳೆದಿದೆ. ಮೀನು ಸತ್ತಾಗ ದೋಷವನ್ನು ಮೀನಿನ ಜಾತಿಯ ಮೇಲೋ, ಮಾರಿದ ಅಂಗಡಿಯ ಮೇಲೋ ಹೊರಿಸುವುದು ವಾಡಿಕೆ. ಆದರೆ ಅನೇಕ ಸಂದರ್ಭಗಳಲ್ಲಿ ಸಾವಿನ ಕಾರಣ ತೊಟ್ಟಿಯ ತಳದಲ್ಲಿಯೇ ಇರುತ್ತದೆ.

ಮರಳಿನ ಹಾಸು ಅಲಂಕಾರದ ವಸ್ತುವಲ್ಲ. ಅದು ತೊಟ್ಟಿಯ ಒಂದು ಜೀವಂತ ಅಂಗ. ಅದರ ಆಳ ಎಷ್ಟಿರಬೇಕೆಂದು ಮೊದಲು ನಿರ್ಧರಿಸಿ, ಆ ಆಳಕ್ಕೆ ತಕ್ಕಂತೆ ಅದನ್ನು ಪಾಲಿಸಬೇಕು. ತೆಳುವಾದ ಹಾಸನ್ನು ಆಗಾಗ ಶುಚಿ ಮಾಡಲೇಬೇಕು. ಆಳವಾದ ಹಾಸನ್ನು ಕೆದಕಲೇಬಾರದು. ಈ ಎರಡು ನಿಯಮಗಳನ್ನು ಅದಲುಬದಲು ಮಾಡಿಕೊಂಡಲ್ಲಿ ಹಾನಿ ತಪ್ಪದು. ಈ ಪಾಠದ ಸಾರ ಇಷ್ಟೇ. ಮುಂದೆ ಅದರ ವಿವರಗಳನ್ನು ನೋಡೋಣ.

ಮರಳು ಮಾಡುವ ಕೆಲಸ

ಮೀನಿನ ಮಲಮೂತ್ರ, ಉಳಿದ ಆಹಾರ, ಕೊಳೆತ ಪಾಚಿ ಇವೆಲ್ಲವೂ ನೀರಿನಲ್ಲಿ ಅಮೋನಿಯಾವನ್ನು ಉಂಟುಮಾಡುತ್ತವೆ. ಅಮೋನಿಯಾ ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳಿಗೆ ವಿಷ. ಸಮುದ್ರದ ಅಪಾರ ಜಲರಾಶಿಯಲ್ಲಿ ಅದು ಕರಗಿ ಹೋಗುತ್ತದೆ. ನೂರೈವತ್ತು ಲೀಟರ್ ನೀರಿನ ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಇಲ್ಲಿ ನೆರವಿಗೆ ಬರುವವು ಕೆಲವು ಬಗೆಯ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇಂತಹ ಬ್ಯಾಕ್ಟೀರಿಯಾಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ಹೊಲದ ಮಣ್ಣಿನಲ್ಲಿ ನಡೆಯುವ ಕ್ರಿಯೆಯೇ ತೊಟ್ಟಿಯ ಮರಳಿನಲ್ಲಿಯೂ ನಡೆಯುತ್ತದೆ.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಗಟ್ಟಿ ವಸ್ತುಗಳ ಮೈಗೆ ಅಂಟಿಕೊಂಡು ಬಾಳುತ್ತವೆ. ಒಂದು ಹಿಡಿ ಮರಳಿನ ಕಣಗಳ ಒಟ್ಟು ಹೊರಮೈ ಅಷ್ಟೇ ತೂಕದ ಒಂದು ಕಲ್ಲಿನ ಹೊರಮೈಗಿಂತ ಎಷ್ಟೋ ಪಟ್ಟು ಹೆಚ್ಚು. ಆದುದರಿಂದಲೇ ಮರಳು ಈ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ನೆಲೆ.

ಹಾಸಿನ ಮೇಲ್ಪದರದಲ್ಲಿ ಆಮ್ಲಜನಕವಿರುತ್ತದೆ. ಮೇಲೆ ಹೇಳಿದ ಎರಡೂ ಕ್ರಿಯೆಗಳು ಅಲ್ಲಿ ಜರಗುತ್ತವೆ. ಕೆಳಗೆ ಇಳಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಆಮ್ಲಜನಕವಿಲ್ಲದ ಪದರದಲ್ಲಿ ಬೇರೊಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವನ್ನಾಗಿ ಮಾಡುತ್ತವೆ. ಅದು ಗುಳ್ಳೆಗಳಾಗಿ ಮೇಲೆ ಬಂದು ಗಾಳಿಯಲ್ಲಿ ಸೇರಿಹೋಗುತ್ತದೆ. ಮೊನಾಕೋದಲ್ಲಿ ಜಾನ್ ಜೋಬೇರ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಆಳವಾದ ಮರಳಿನ ಹಾಸನ್ನೇ ಮುಖ್ಯ ಶೋಧಕವಾಗಿ ಬಳಸಿ ಹವಳಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿದನು. ಅನಂತರ ಈ ವಿಚಾರ ಹವ್ಯಾಸಿಗಳಲ್ಲಿಯೂ ಹರಡಿತು.

ಮರಳಿನ ಬಗೆಗಳು

ಮರಳೆಂದರೆ ಎಲ್ಲವೂ ಒಂದೇ ಅಲ್ಲ. ಕಾರವಾರ, ಉಡುಪಿಯ ಕಡಲತೀರಗಳ ಮರಳು ಬಹುಮಟ್ಟಿಗೆ ಬೆಣಚುಕಲ್ಲಿನ ಪುಡಿ. ಹೊಳೆಗಳು ಬೆಟ್ಟಗಳಿಂದ ಹೊತ್ತು ತಂದದ್ದು. ಲಕ್ಷದ್ವೀಪದ ಬೆಳ್ಳನೆಯ ಮರಳಾದರೋ ಹವಳ ಮತ್ತು ಚಿಪ್ಪುಗಳ ಚೂರು. ಹವಳದ ದಿಬ್ಬಗಳಲ್ಲಿ ಗಿಳಿಮೀನುಗಳು ಪಾಚಿಗಾಗಿ ಹವಳವನ್ನು ಕೆರೆದು ತಿಂದು, ಅದನ್ನು ನುಣ್ಣಗೆ ಅರೆದು ಹೊರಹಾಕುವುದರಿಂದಲೂ ಇಂತಹ ಮರಳು ಉಂಟಾಗುತ್ತದೆ.

ಉಪ್ಪುನೀರಿನ ತೊಟ್ಟಿಗೆ ಹೆಚ್ಚಾಗಿ ಬಳಸುವುದು ಈ ಎರಡನೆಯ ವರ್ಗಕ್ಕೆ ಸೇರಿದ ಅರಗೊನೈಟ್ ಮರಳು. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ. ಹಾಸಿನ ಒಳಗೆ ಕೊಳೆಯುವ ವಸ್ತುಗಳಿಂದ ಉಂಟಾಗುವ ಆಮ್ಲದಲ್ಲಿ ಇದು ಬಹು ನಿಧಾನವಾಗಿ ಕರಗಿ, ನೀರಿಗೆ ಒಂದಿಷ್ಟು ಕ್ಯಾಲ್ಸಿಯಮನ್ನೂ ಕ್ಷಾರಗುಣವನ್ನೂ ಕೊಡುತ್ತದೆ. ಆದರೆ ಮರಳೊಂದೇ ನೀರಿನ ಕ್ಷಾರತೆಯನ್ನು ಕಾಪಾಡುವುದೆಂದು ನಂಬಿ ಕೂರುವುದು ಸರಿಯಲ್ಲ. ನೀರಿನ ಪರೀಕ್ಷೆಯನ್ನು ತಪ್ಪದೆ ಮಾಡುತ್ತಿರಬೇಕು. ಮರಳು ಕರಗುವುದರಿಂದ ವರ್ಷಗಳು ಕಳೆದಂತೆ ಹಾಸಿನ ಮಟ್ಟ ತುಸು ಇಳಿಯುವುದೂ ಉಂಟು.

ಶುದ್ಧವಾದ ಬೆಣಚು ಮರಳು ನೀರಿನೊಂದಿಗೆ ಯಾವ ಕ್ರಿಯೆಯನ್ನೂ ನಡೆಸದು. ಕಣಗಳು ಗುಂಡಗಿದ್ದರೆ ಅದನ್ನು ಬಳಸಬಹುದು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಮಾತ್ರ ಬೇಡ. ಕಲ್ಲನ್ನು ಯಂತ್ರದಲ್ಲಿ ಪುಡಿ ಮಾಡಿ ತೆಗೆದ ಆ ಮರಳಿನ ಅಂಚುಗಳು ಹರಿತ. ಮರಳಿನಲ್ಲಿ ಹುದುಗುವ ಮೀನುಗಳ ಮೈಯನ್ನು ಅದು ಗೀರುತ್ತದೆ. ಹೊಳೆಯ ಮರಳಿನಲ್ಲಿ ಜೇಡಿಯೂ ಕಬ್ಬಿಣದ ಅಂಶವೂ ಬೆರೆತಿರಬಹುದು.

ಕೊಳ್ಳುವ ಮೊದಲು ಮನೆಯಲ್ಲಿಯೇ ಎರಡು ಸರಳ ಪರೀಕ್ಷೆಗಳನ್ನು ಮಾಡಬಹುದು. ಒಂದು ಚಮಚ ಒಣ ಮರಳಿನ ಮೇಲೆ ಅಡುಗೆಮನೆಯ ವಿನಿಗರ್ ಹಾಕಿದಾಗ ನೊರೆ ಗುಳ್ಳೆಗಳು ಎದ್ದರೆ ಅದು ಕಾರ್ಬೊನೇಟ್ ಮರಳು; ಏಳದಿದ್ದರೆ ಬೆಣಚು. ಕಾಗದದ ಮೇಲೆ ಹರಡಿದ ಮರಳಿನ ಮೇಲೆ ಅಯಸ್ಕಾಂತವನ್ನು ಆಡಿಸಿದಾಗ ಕಪ್ಪು ಕಣಗಳು ಅಂಟಿದರೆ ಅದರಲ್ಲಿ ಕಬ್ಬಿಣದ ಅದಿರು ಇದೆಯೆಂದು ತಿಳಿದು ಬಿಟ್ಟುಬಿಡಬೇಕು.

ಕಡಲತೀರದಿಂದ ತರುವುದು ಬೇಡ

ಮುಂಬಯಿ, ಚೆನ್ನೈಗಳಲ್ಲಿ ಇರುವವರಿಗೆ, ಕಡಲೇ ಹತ್ತಿರವಿರುವಾಗ ಮರಳನ್ನು ಹಣ ಕೊಟ್ಟು ಏಕೆ ಕೊಳ್ಳಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಆರೋಗ್ಯಕ್ಕೆ ಸಂಬಂಧಿಸಿದ್ದು. ಮಹಾನಗರಗಳ ತೀರದ ಮರಳಿನಲ್ಲಿ ಎಣ್ಣೆ, ಚರಂಡಿಯ ಕೊಳೆ, ಪ್ಲಾಸ್ಟಿಕ್ ಚೂರು, ಲೋಹದ ಅಂಶಗಳು ಸೇರಿಕೊಂಡಿರಬಹುದು. ಎಷ್ಟು ತೊಳೆದರೂ ಇವೆಲ್ಲವೂ ಹೋಗುವ ಭರವಸೆಯಿಲ್ಲ.

ಎರಡನೆಯದು ಕಾನೂನಿಗೆ ಸಂಬಂಧಿಸಿದ್ದು. 1991ರಲ್ಲಿ ಮೊದಲು ಹೊರಟು, ಬಳಿಕ 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ತೀರದ ಮರಳು ತೋಡುವುದನ್ನು ಸಾಮಾನ್ಯವಾಗಿ ನಿಷೇಧಿಸಿವೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಅಡಿಯಲ್ಲಿ 2001ರಿಂದ ರಕ್ಷಣೆ ಪಡೆದಿವೆ. ಆದುದರಿಂದ ನಮ್ಮ ದ್ವೀಪಗಳಿಂದಲೋ ಮನ್ನಾರ್ ಕೊಲ್ಲಿಯಿಂದಲೋ ತಂದ ಹವಳದ ಚೂರುಗಳನ್ನು ಅಗ್ಗವಾಗಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಕೊಳ್ಳಬಾರದು. ಚೀಲದ ಮೇಲೆ ಮರಳಿನ ಮೂಲವನ್ನು ನಮೂದಿಸಿರುವ ಸರಕನ್ನೇ ರಸೀದಿ ಸಹಿತ ಪಡೆಯಬೇಕು.

ಕಣದ ಗಾತ್ರ

ಕಣಗಳ ಗಾತ್ರವನ್ನು ಅಡುಗೆಮನೆಯ ಪದಾರ್ಥಗಳಿಂದ ಅಂದಾಜು ಮಾಡಬಹುದು. ಚಿರೋಟಿ ರವೆಯಂತಹ ಅತಿ ನುಣುಪಾದ ಮರಳು ನೋಡಲು ಅಂದ; ಆದರೆ ನೀರಿನ ಪಂಪಿನ ಸೆಳೆತಕ್ಕೆ ಎದ್ದು ಹಾರುತ್ತದೆ, ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ. ಸಬ್ಬಕ್ಕಿಯಷ್ಟು ದಪ್ಪನೆಯ ಚೂರುಗಳು ಕದಲುವುದಿಲ್ಲ; ಆದರೆ ಅವುಗಳ ನಡುವಣ ಸಂದುಗಳಿಗೆ ಆಹಾರದ ಚೂರೂ ಕೊಳೆಯೂ ಇಳಿದು ಕೊಳೆಯತೊಡಗುತ್ತವೆ. ಉಪ್ಪಿಟ್ಟಿನ ರವೆಗೂ ಸಾಸಿವೆಗೂ ನಡುವಿನ ಗಾತ್ರ, ಎಂದರೆ ಸುಮಾರು 1ರಿಂದ 2 ಮಿಲಿಮೀಟರ್, ಹೊಸಬರ ತೆಳು ಹಾಸಿಗೆ ಅನುಕೂಲ. ಆಳವಾದ ಹಾಸಿಗಾದರೆ ಇನ್ನೂ ನುಣುಪಾದ, ಸುಮಾರು ಅರ್ಧದಿಂದ 1 ಮಿಲಿಮೀಟರ್ ಗಾತ್ರದ ಕಣ ಉತ್ತಮ. ಸಂದುಗಳು ಕಿರಿದಾದಷ್ಟೂ ಕೊಳೆ ಕೆಳಗಿಳಿಯದೆ ಮೇಲೆಯೇ ಉಳಿಯುತ್ತದೆ.

ಆಳವನ್ನು ನಿರ್ಧರಿಸುವುದು

ತೆಳುವಾದ ಹಾಸೆಂದರೆ 2ರಿಂದ 4 ಸೆಂಟಿಮೀಟರ್. ಇದರಲ್ಲಿ ನೈಟ್ರೇಟ್ ಒಡೆಯುವ ಕ್ರಿಯೆ ಹೆಚ್ಚಾಗಿ ನಡೆಯದು. ನೀರು ಬದಲಿಸುವುದರಿಂದ ನೈಟ್ರೇಟನ್ನು ತಗ್ಗಿಸಬೇಕು. ಆದರೆ ಇದನ್ನು ಶುಚಿ ಮಾಡುವುದು ಸುಲಭ, ಅಪಾಯವೂ ಕಡಿಮೆ. ಆಳವಾದ ಹಾಸೆಂದರೆ 10ರಿಂದ 15 ಸೆಂಟಿಮೀಟರ್. ಇದು ನೈಟ್ರೇಟನ್ನು ತಾನೇ ಒಡೆಯಬಲ್ಲುದು. ಆದರೆ ಇದರ ತಳದಲ್ಲಿ, ನೈಟ್ರೇಟೂ ಮುಗಿದ ಜಾಗದಲ್ಲಿ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಗಾಜಿನ ಬದಿಯಿಂದ ಕಪ್ಪಗೆ ಕಾಣುವ ಪದರ, ಕೊಳೆತ ಮೊಟ್ಟೆಯ ವಾಸನೆ ಇವು ಅದರ ಗುರುತು. ಅಲುಗಾಡಿಸದೆ ಬಿಟ್ಟರೆ ಆ ಅನಿಲ ಮೇಲೇರುವಾಗ ಆಮ್ಲಜನಕವಿರುವ ಪದರದಲ್ಲಿ ಬಹುಮಟ್ಟಿಗೆ ನಿರಪಾಯವಾಗುತ್ತದೆ. ಕೆದಕಿದರೆ ಒಮ್ಮೆಲೇ ನೀರಿಗೆ ನುಗ್ಗುತ್ತದೆ. ಇವೆರಡರ ನಡುವಿನ ಆಳವನ್ನು ಅನೇಕ ಅನುಭವಿಗಳು ಒಪ್ಪುವುದಿಲ್ಲ. ಕೊಳೆ ಸೇರುವಷ್ಟು ಆಳ, ಆದರೆ ನೈಟ್ರೇಟ್ ಒಡೆಯಲು ಸಾಲದಷ್ಟು ತೆಳುವು ಎಂಬುದು ಅವರ ಆಕ್ಷೇಪ.

ಮೊದಲ ಬಾರಿಗೆ ತೊಟ್ಟಿ ಇಡುವವರು ತೆಳುವಾದ ಹಾಸನ್ನೇ ಆರಿಸುವುದು ಕ್ಷೇಮ.

ಎಷ್ಟು ಮರಳು ಬೇಕೆಂಬುದಕ್ಕೆ ಒಂದು ಲೆಕ್ಕ. ತೊಟ್ಟಿಯ ಉದ್ದ 90, ಅಗಲ 45 ಸೆಂಟಿಮೀಟರ್ ಇದ್ದು, ಹಾಸು 3 ಸೆಂಟಿಮೀಟರ್ ಇರಬೇಕೆನ್ನೋಣ. ಮೂರನ್ನೂ ಗುಣಿಸಿದರೆ 12,150 ಘನ ಸೆಂಟಿಮೀಟರ್, ಎಂದರೆ ಸುಮಾರು 12 ಲೀಟರ್. ಒಂದು ಲೀಟರ್ ಒಣ ಅರಗೊನೈಟ್ ಮರಳು ಸುಮಾರು ಒಂದೂವರೆ ಕಿಲೋ ತೂಗುವುದರಿಂದ 18 ಕಿಲೋ ಸಾಕು. ಅದೇ ತೊಟ್ಟಿಗೆ 12 ಸೆಂಟಿಮೀಟರ್ ಆಳದ ಹಾಸಾದರೆ ಇದರ ನಾಲ್ಕು ಪಟ್ಟು, ಎಂದರೆ 72 ಕಿಲೋ ಮೀರುತ್ತದೆ. 45 ಸೆಂಟಿಮೀಟರ್ ಎತ್ತರದ ಇಂತಹ ತೊಟ್ಟಿ ನೀರು, ಕಲ್ಲು, ಮರಳು, ಗಾಜು ಸೇರಿ ಎರಡು ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರು ಅದನ್ನು ಗಟ್ಟಿಯಾದ ಪೀಠದ ಮೇಲೆ, ಕೋಣೆಯ ನಡುವೆ ಇಡದೆ ಗೋಡೆಯ ಬದಿಗೆ ಇಡಬೇಕು.

ಹಾಸುವ ಕ್ರಮ

ಒಣ ಮರಳನ್ನು ಬಕೆಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ಅಕ್ಕಿ ತೊಳೆದಂತೆ ಕೈಯಾಡಿಸಿ, ಬಿಳಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕೊನೆಯ ಬಾರಿ ಆರ್‌.ಓ. ನೀರಿನಲ್ಲಿ ಜಾಲಿಸಬೇಕು. ಜೀವಂತ ಮರಳೆಂದು ಒದ್ದೆಯಾಗಿ ಮಾರುವುದನ್ನು ಮಾತ್ರ ನಲ್ಲಿಯ ನೀರಿನಲ್ಲಿ ತೊಳೆಯಬಾರದು. ಅದರ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಕಲ್ಲುಗಳನ್ನು ಮೊದಲು ತೊಟ್ಟಿಯ ತಳದ ಮೇಲೆಯೇ ಭದ್ರವಾಗಿ ಕೂರಿಸಿ, ಅನಂತರ ಸುತ್ತಲೂ ಮರಳು ಹಾಕಬೇಕು. ಮರಳಿನ ಮೇಲೆ ಕಲ್ಲು ಇಟ್ಟರೆ, ಮೀನೋ ಸಿಗಡಿಯೋ ಅಡಿಯಲ್ಲಿ ಬಿಲ ತೋಡಿದಾಗ ಕಲ್ಲು ಉರುಳಿ ಗಾಜು ಒಡೆಯಬಹುದು. ಉಪ್ಪುನೀರನ್ನು ಮರಳಿನ ಮೇಲೆ ಇಟ್ಟ ತಟ್ಟೆಯ ಮೇಲೆ ನಿಧಾನವಾಗಿ ಸುರಿದರೆ ಹಾಸು ಕದಡದು. ನೀರು ಒಂದೆರಡು ದಿನ ಮಬ್ಬಾಗಿರುವುದು ಸಹಜ. ಆರೋಗ್ಯಕರ ತೊಟ್ಟಿಯುಳ್ಳ ಸ್ನೇಹಿತರಿಂದ ಒಂದು ಬಟ್ಟಲು ಜೀವಂತ ಮರಳನ್ನು ತಂದು ಮೇಲೆ ಹರಡುವುದು ಹಾಲಿಗೆ ಹೆಪ್ಪು ಹಾಕಿದಂತೆ. ಹೊಸ ಹಾಸು ಬೇಗ ಜೀವ ತಳೆಯುತ್ತದೆ.

ಮೀನನ್ನು ತರಲು ಅವಸರ ಪಡಬಾರದು. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಮೇಲೇರಿ, ಬಳಿಕ ಶೂನ್ಯಕ್ಕೆ ಇಳಿದ ಮೇಲೆಯೇ ಒಂದೊಂದಾಗಿ ಮೀನುಗಳನ್ನು ಬಿಡಬೇಕು.

ನಿತ್ಯದ ಪಾಲನೆ

ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಬಣ್ಣದ ಪುಡಿಯಂತಹ ಪದರ ಕಾಣಬಹುದು. ಇವು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಗಾಬರಿಗೊಂಡು ಮರಳನ್ನು ತೆಗೆದುಹಾಕಬೇಕಾಗಿಲ್ಲ. ಸಾಮಾನ್ಯವಾಗಿ ಅವು ತಾವಾಗಿಯೇ ಇಳಿಯುತ್ತವೆ. ಕೆಂಪು ಅಥವಾ ನೇರಳೆ ಬಣ್ಣದ ಲೋಳೆ ಹಾಳೆಯಂತೆ ಹಬ್ಬಿದರೆ ಆ ಜಾಗದಲ್ಲಿ ನೀರಿನ ಓಟ ಸಾಲದೆಂದೂ, ಆಹಾರ ಹೆಚ್ಚಾಗುತ್ತಿದೆಯೆಂದೂ ತಿಳಿಯಬೇಕು. ಮರಳು ಗಟ್ಟಿಯಾಗಿ ಹೆಂಟೆ ಕಟ್ಟತೊಡಗಿದರೆ ಕ್ಯಾಲ್ಸಿಯಂ, ಕ್ಷಾರದ ಪುಡಿಗಳನ್ನು ಅಳತೆ ಮೀರಿ ಹಾಕುತ್ತಿಲ್ಲವೇ ಎಂದು ಪರಿಶೀಲಿಸಬೇಕು.

ತೆಳುವಾದ ಹಾಸಾದರೆ, ನೀರು ಬದಲಿಸುವಾಗಲೆಲ್ಲ ಕೊಳವೆಯಿಂದ ಮರಳಿನ ಕೊಳೆಯನ್ನು ಹೀರಿ ತೆಗೆಯಬೇಕು. ಇಡೀ ಹಾಸನ್ನು ಒಂದೇ ದಿನ ಕೆದಕದೆ, ಒಂದು ವಾರ ಕಾಲು ಭಾಗ, ಮುಂದಿನ ವಾರ ಇನ್ನೊಂದು ಕಾಲು ಭಾಗ ಎಂಬಂತೆ ಸರದಿಯಲ್ಲಿ ಮಾಡಬೇಕು. ಆಳವಾದ ಹಾಸಾದರೆ, ಮೇಲಿನ ಒಂದು ಸೆಂಟಿಮೀಟರನ್ನು ಮಾತ್ರ ಹಗುರವಾಗಿ ಶುಚಿ ಮಾಡಿ, ಕೆಳಗಿನದನ್ನು ಮುಟ್ಟದೆ ಬಿಡಬೇಕು. ವರ್ಷಗಟ್ಟಲೆ ಶುಚಿ ಮಾಡದೆ ಬಿಟ್ಟ ತೆಳು ಹಾಸನ್ನು ಕೂಡ ಒಮ್ಮೆಲೇ ಕಲಕಬಾರದು.

ವಿದ್ಯುತ್ ನಿಂತಾಗ ನೀರಿನ ಓಟ ನಿಲ್ಲುತ್ತದೆ. ಮೀನುಗಳಂತೆ ಮರಳಿನ ಜೀವಿಗಳೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ದೆಹಲಿ, ಹೈದರಾಬಾದ್, ಚೆನ್ನೈಗಳ ಬೇಸಿಗೆಯಲ್ಲಿ ಈ ಅಪಾಯ ಹೆಚ್ಚು. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಪಂಪು ಮನೆಯಲ್ಲಿರಲಿ.

ಮರಳಿನ ಒಕ್ಕಲುಗಳು

ನಸ್ಸಾರಿಯಸ್ ಎಂಬ ಚಿಕ್ಕ ಬಸವನಹುಳುಗಳು ಮರಳಿನಲ್ಲಿ ಹುದುಗಿದ್ದು, ಆಹಾರದ ವಾಸನೆ ಬಂದೊಡನೆ ಎದ್ದು ಬಂದು ಉಳಿಕೆಯನ್ನು ತಿನ್ನುತ್ತವೆ. ಮರಳನ್ನು ಬಾಯಿತುಂಬ ಎತ್ತಿ ಕಿವಿರುಗಳಿಂದ ಜರಡಿ ಹಿಡಿಯುವ ಗೋಬಿ ಮೀನುಗಳು ಹಾಸನ್ನು ಬೆಳ್ಳಗೆ ಇಡುತ್ತವೆ. ಆದರೆ ಚಿಕ್ಕ ತೊಟ್ಟಿಯ ಮರಳಿನಲ್ಲಿರುವ ಸೂಕ್ಷ್ಮಜೀವಿಗಳನ್ನೆಲ್ಲ ತಿಂದು ಮುಗಿಸಿ, ಬೇರೆ ಆಹಾರ ಕೊಡದಿದ್ದರೆ ಹಸಿವಿನಿಂದ ಸೊರಗುತ್ತವೆ. ಮರಳು ಜಾಲಾಡುವ ನಕ್ಷತ್ರಮೀನಿನ ಗತಿಯೂ ಇದೇ. ಕೆಲವು ರಾಸ್ ಜಾತಿಯ ಮೀನುಗಳು ರಾತ್ರಿ ಮರಳಿನೊಳಗೆ ಹುದುಗಿ ಮಲಗುತ್ತವೆ. ಅವುಗಳಿಗೆ ಸುಮಾರು 5 ಸೆಂಟಿಮೀಟರ್ ಆಳದ ನುಣುಪಾದ ಮರಳಿನ ಒಂದು ಬಟ್ಟಲನ್ನು ಪ್ರತ್ಯೇಕವಾಗಿ ಇಟ್ಟರಾಯಿತು. ವಿದೇಶಗಳ ಪುಸ್ತಕಗಳಲ್ಲಿ ಮರಳು ಶುಚಿ ಮಾಡಲು ಕಡಲಸೌತೆಗಳನ್ನು ಸೂಚಿಸಿರುವುದುಂಟು. ಭಾರತದಲ್ಲಿ ಅವು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಇಲ್ಲಿನ ಹವ್ಯಾಸಿಗಳು ಆ ಸಲಹೆಯನ್ನು ಅನುಸರಿಸಬಾರದು.

ಮನೆ ಬದಲಿಸುವಾಗ

ಮರಳಿನ ಹಾಸಿನಿಂದ ಅತಿ ಹೆಚ್ಚಿನ ಅಪಾಯ ಒದಗುವುದು ಮನೆ ಬದಲಿಸುವ ದಿನ. ವರ್ಗಾವಣೆಯ ನೌಕರಿಯವರಿಗೂ, ಬಾಡಿಗೆ ಮನೆಯವರಿಗೂ ಇದು ತಪ್ಪದ ಪ್ರಸಂಗ. ಅವಸರದಲ್ಲಿ ಅರ್ಧ ನೀರು ಬಸಿದು, ಮರಳಿನ ಸಹಿತ ತೊಟ್ಟಿಯನ್ನು ಎತ್ತಿ, ಹೊಸ ಮನೆಯಲ್ಲಿ ನೀರು ತುಂಬಿ ಮೀನು ಬಿಡುವವರುಂಟು. ದಾರಿಯ ಕುಲುಕಾಟದಲ್ಲಿ ವರ್ಷಗಳಿಂದ ತಳದಲ್ಲಿ ಸೇರಿದ್ದ ಕೊಳೆಯೂ ವಿಷಾನಿಲವೂ ನೀರಿಗೆ ಬೆರೆತು, ಬೆಳಗಾಗುವುದರೊಳಗೆ ಎಲ್ಲ ಮೀನುಗಳೂ ಸಾಯಬಹುದು. ಮರಳು ತುಂಬಿದ ತೊಟ್ಟಿಯನ್ನು ಎತ್ತುವುದರಿಂದ ಗಾಜಿನ ಬೆಸುಗೆಯೂ ಬಿಡಬಹುದು.

ಸರಿಯಾದ ಕ್ರಮ ಹೀಗಿದೆ. ಮೊದಲು ಮೀನುಗಳನ್ನೂ ಕಲ್ಲುಗಳನ್ನೂ ಹಳೆಯ ನೀರಿನಲ್ಲಿಯೇ ಬೇರೆ ಬೇರೆ ಪಾತ್ರೆಗಳಿಗೆ ಸಾಗಿಸಬೇಕು. ಹಾಸಿನ ಮೇಲ್ಪದರದಿಂದ ಒಂದೆರಡು ಬಟ್ಟಲು ಶುಚಿಯಾದ ಮರಳನ್ನು ಒದ್ದೆಯಾಗಿಯೇ ತೆಗೆದಿಡಬೇಕು. ಉಳಿದ ಮರಳನ್ನು ಬಿಸಾಡಬೇಕು, ಇಲ್ಲವೇ ಚೆನ್ನಾಗಿ ತೊಳೆದು ಒಣಗಿಸಿಡಬೇಕು. ಹೊಸ ಜಾಗದಲ್ಲಿ ಹೊಸ ಅಥವಾ ತೊಳೆದ ಮರಳು ಹಾಕಿ, ತೆಗೆದಿಟ್ಟ ಮರಳನ್ನು ಅದರ ಮೇಲೆ ಹರಡಬೇಕು. ಮೊದಲ ಎರಡು ವಾರ ದಿನವೂ ಅಮೋನಿಯಾ ಪರೀಕ್ಷಿಸಿ, ಆಹಾರವನ್ನು ಮಿತವಾಗಿ ಕೊಡಬೇಕು. ರೈಲಿನಲ್ಲಿ ಒಂದೆರಡು ದಿನದ ಪ್ರಯಾಣವಿರುವ ಊರಿಗೆ ವರ್ಗವಾದರೆ, ಮೀನುಗಳನ್ನು ಬಲ್ಲವರ ವಶಕ್ಕೆ ಒಪ್ಪಿಸಿ ಹೋಗುವುದೇ ಲೇಸು.

ಬೇಡವಾದ ಮರಳನ್ನೂ ನೀರನ್ನೂ ಪಾಚಿಯನ್ನೂ ಕಡಲಿಗೆ ಸುರಿಯುವುದು ಸಲ್ಲದು. ಮೆಡಿಟರೇನಿಯನ್ ಸಮುದ್ರದ ಮೊನಾಕೋ ತೀರದಲ್ಲಿ 1984ರಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿಯ ಚಿಕ್ಕದೊಂದು ತುಣುಕು ನೆಲ ಕಂಡುಬಂದಿತು. ಮತ್ಸ್ಯಾಲಯಗಳಲ್ಲಿ ಬೆಳೆಸುತ್ತಿದ್ದ ಈ ಪಾಚಿ ಮುಂದಿನ ವರ್ಷಗಳಲ್ಲಿ ಸಮುದ್ರತಳದ ಸಾವಿರಾರು ಎಕರೆಗಳಿಗೆ ಹಬ್ಬಿ, ಅಲ್ಲಿನ ಸಹಜ ಸಸ್ಯಗಳನ್ನು ಮುಚ್ಚಿತು. ನಮ್ಮ ತೊಟ್ಟಿಯ ಮರಳಿನಲ್ಲಿ ಎಂತಹ ಪರದೇಶಿ ಜೀವಿ ಅಡಗಿದೆಯೆಂದು ಹೇಳಬರುವುದಿಲ್ಲ. ಮರಳನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಮನೆಯ ಒಣ ಕಸದ ಜೊತೆ ವಿಲೇವಾರಿ ಮಾಡಬೇಕು.

ನೆನಪಿಡಬೇಕಾದ ಅಂಶಗಳು

1. ಹಾಸಿನ ಆಳವನ್ನು ಮೊದಲು ನಿರ್ಧರಿಸಿ. ಹೊಸಬರಿಗೆ 2ರಿಂದ 4 ಸೆಂಟಿಮೀಟರ್ ಸಾಕು.
2. ಮೂಲ ತಿಳಿದಿರುವ ಮರಳನ್ನು ಕೊಳ್ಳಿ. ತೀರದ ಮರಳನ್ನೂ ಹವಳದ ಚೂರುಗಳನ್ನೂ ತರಬೇಡಿ.
3. ಕಲ್ಲು ಮೊದಲು, ಮರಳು ಆಮೇಲೆ. ಮೀನು ಎಲ್ಲಕ್ಕಿಂತ ಕೊನೆಗೆ.
4. ತೆಳು ಹಾಸನ್ನು ಸರದಿಯಲ್ಲಿ ಶುಚಿ ಮಾಡಿ. ಆಳದ ಹಾಸನ್ನು ಕೆದಕಬೇಡಿ.
5. ಹಳೆಯ ಹಾಸನ್ನು ತೊಟ್ಟಿಯ ಸಹಿತ ಸಾಗಿಸಬೇಡಿ.

ಕಡಲಿನಿಂದ ದೂರ ಬಂದು ನಮ್ಮ ಮನೆಯಲ್ಲಿ ಬಾಳುವ ಮೀನಿಗೆ ಆಹಾರ ಕೊಡುವುದಷ್ಟೇ ನಮ್ಮ ಹೊಣೆಯಲ್ಲ. ಅದು ಉಸಿರಾಡುವ ನೀರನ್ನು ಶುದ್ಧವಾಗಿಡುವುದು ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು. ಅವುಗಳಿಗೆ ನೆಲೆ ಕೊಟ್ಟು, ಅವುಗಳ ಕೆಲಸಕ್ಕೆ ಅಡ್ಡಿ ಬಾರದಂತೆ ನಡೆದುಕೊಂಡರೆ, ತೊಟ್ಟಿ ಬಹುಕಾಲ ಬಾಳುತ್ತದೆ. ಮನೆಯ ಮಕ್ಕಳೂ ಅದರಿಂದ ಪ್ರಕೃತಿಯ ಒಂದು ದೊಡ್ಡ ಪಾಠವನ್ನು ಕಲಿಯುತ್ತಾರೆ.